ರೇನಾಕ್ಸ್ ಡಿಸಿಆರ್-250: ಇರೋ ಜೂಮ್ ಲೆನ್ಸಿಗೇ ಸಿಕ್ಕಿಸ್ಕೊಳ್ಳೋ ಮ್ಯಾಕ್ರೋ ಗಾಜು

ಹೂವು, ಹುಳ-ಹುಪ್ಪಟೆ ಫೋಟೋ ತೆಗೆಯೋಕೆ ಯಾವ ಮ್ಯಾಕ್ರೋ (ಚಿಕ್ಕದನ್ನ ಹತ್ರದಿಂದ ದೊಡ್ಡದಾಗಿ ತೋರಿಸೋ) ಲೆನ್ಸ್ ತಗೊಳ್ಳಲಿ ಅಂತ ಕೇಳೋರಿಗೆ ನಾನು ಮೊದ್ಲು ಕೇಳೋದು, ನಿಮ್ಮ ಹತ್ರ 55-250 ಅಥವಾ 70-300 ಮಿಲಿಮೀಟರ್ ಥರದ ಜೂಮ್ ಲೆನ್ಸ್ ಇದೆಯಾ ಅಂತ. ಇದ್ರೆ ಹೊಸ ಲೆನ್ಸ್ ಆಮೇಲೆ ನೋಡೋಣ, ಮೊದ್ಲು ಈ ರೇನಾಕ್ಸ್ ತಗೊಳ್ಳಿ. ಅಂಗೈಲಿ ಹಿಡಿಸೋ ಸಾಮಾನು, ಎರಡೂ ಕಡೆ ಅದುಮೋ ಕ್ಲಿಪ್ ಇರತ್ತೆ, ಅದುಮಿ ಲೆನ್ಸ್ ಮುಂದೆ ಇಟ್ಟು ಬಿಟ್ರೆ ಟಕ್ ಅಂತ ಕೂತ್ಕೊಳ್ಳತ್ತೆ, ಚಿಟ್ಟೆ ಬಂತು ಅಂದ್ರೆ ಅಷ್ಟೇ ಬೇಗ ತೆಗೆದು ಜೇಬಿಗೆ ಹಾಕ್ಕೋಬಹುದು.

ಇದು 8 ಡಯಾಪ್ಟರ್ (ಕನ್ನಡಕದ ಪವರ್ ಅಳೆಯೋ ಅದೇ ಅಳತೆ) ಪವರ್ ಗಾಜು, ಅಂದ್ರೆ ಫೋಕಲ್ ಲೆಂತ್ (ಗಾಜು ಬೆಳಕನ್ನ ಒಂದು ಬಿಂದುವಿಗೆ ಸೇರಿಸೋ ದೂರ) 125 ಮಿಲಿಮೀಟರ್. ಲೆಕ್ಕ ಬಹಳ ಸುಲಭ, ಲೆನ್ಸನ್ನ ಇನ್ಫಿನಿಟಿ ಫೋಕಸ್ಸಲ್ಲಿಟ್ಟು (ಅಂದ್ರೆ ತುಂಬಾ ದೂರಕ್ಕೆ ಫೋಕಸ್ ಮಾಡಿ) ಜೂಮ್ ಎಷ್ಟು ಮಿಲಿಮೀಟರಲ್ಲಿದೆಯೋ ಅದನ್ನ 125ರಿಂದ ಭಾಗಿಸಿ. 125ರಲ್ಲಿ ಹುಳ ಎಷ್ಟು ದೊಡ್ಡದೋ ಅಷ್ಟೇ ದೊಡ್ಡದಾಗಿ ಸೆನ್ಸರ್ ಮೇಲೆ ಬೀಳತ್ತೆ, 250ರಲ್ಲಿ ಅದರ ಎರಡರಷ್ಟು. ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾದಲ್ಲಿ 125ಕ್ಕೆ ಒಂದು ಜೇನುಹುಳ, ಅದು ಕೂತಿರೋ ಹೂವಿನ ಒಂದು ಚೂರು ಫ್ರೇಮಲ್ಲಿ ಬರತ್ತೆ, 250ಕ್ಕೆ ಹೋದ್ರೆ ಜೇನುಹುಳದ ತಲೆ, ಎದೆ, ಮೈಮೇಲಿನ ಕೂದಲಿಗೆ ಅಂಟಿರೋ ಪರಾಗ ಇಷ್ಟೇ ಇಡೀ ಫ್ರೇಮ್ ತುಂಬಿಬಿಡತ್ತೆ. ಜೂಮ್ ಎಷ್ಟೇ ತಿರುಗಿಸಿದ್ರೂ ಹುಳಕ್ಕೂ ಗಾಜಿಗೂ ಇರೋ ದೂರ ಮಾತ್ರ ಬದಲಾಗಲ್ಲ, ಸುಮಾರು 12 ಸೆಂಟಿಮೀಟರೇ. ನಂಗೆ ಇದರಲ್ಲಿ ತುಂಬಾ ಇಷ್ಟವಾದ ವಿಷಯ ಇದೇ, ಯಾಕಂದ್ರೆ ಹತ್ರ ಹೋಗಿ ಹುಳನ ಓಡಿಸಬೇಕಾಗಿಲ್ಲ, ನಿಂತಲ್ಲೇ ನಿಂತು ಮೊದ್ಲು ಅಗಲವಾಗಿ ಒಂದು, ಆಮೇಲೆ ಜೂಮ್ ಮಾಡಿ ಕಣ್ಣಿಗೆ ಒಂದು ಅಂತ ತೆಗೀಬಹುದು.

ಸುಮ್ನೆ ಒಂದೇ ಗಾಜಿನ ಕ್ಲೋಸ್-ಅಪ್ ಫಿಲ್ಟರ್ ಸಿಗತ್ತಲ್ಲ, ಅದನ್ನ ಹಾಕಿದ್ರೆ ಅಂಚಲ್ಲಿ ನೇರಳೆ ಗೆರೆ, ಮೂಲೆಗಳೆಲ್ಲ ಮಸುಕು. ಇದರಲ್ಲಿ ಎರಡು ಗ್ರೂಪಲ್ಲಿ ಮೂರು ಗಾಜು ಜೋಡಿಸಿದಾರೆ, ಹಾಗಾಗಿ ಬಿಳಿ ಹೂವಿನ ಎಸಳಿನ ಅಂಚು ಕೂಡ ಸ್ವಚ್ಛವಾಗಿ ಬರತ್ತೆ. ಎಕ್ಸ್‌ಟೆನ್ಷನ್ ಟ್ಯೂಬ್ (ಕ್ಯಾಮೆರಾಗೂ ಲೆನ್ಸಿಗೂ ಮಧ್ಯೆ ಹಾಕೋ ಖಾಲಿ ಕೊಳವೆ) ಹಾಕಿದಾಗ ಆಗೋ ಹಾಗೆ ಬೆಳಕು ಕಮ್ಮಿ ಆಗಲ್ಲ, ಲೆನ್ಸನ್ನ ಹಿಂದುಮುಂದಾಗಿ ತಿರುಗಿಸಿ ಹಾಕಿದಾಗ ಕೈತಪ್ಪೋ ಅಪರ್ಚರ್ (ಬೆಳಕು ಒಳಗೆ ಬಿಡೋ ಕಿಂಡಿ) ಕಂಟ್ರೋಲೂ ಇಲ್ಲಿ ಕ್ಯಾಮೆರಾದಲ್ಲೇ ಇರತ್ತೆ.

ದಾಸವಾಳದ ಕೇಸರದ ತುದಿಗೆ ಫೋಕಸ್ ಮಾಡಿ ನೋಡಿ, ಬರಿಗಣ್ಣಿಗೆ ಹಳದಿ ಪುಡಿ ಅಂತ ಕಾಣೋದು ಒಂದೊಂದೇ ಗುಂಡುಗುಂಡಾದ ಕಾಳು ಅಂತ ಗೊತ್ತಾಗತ್ತೆ, ಎಣಿಸ್ಬಹುದು. ಗುಲಾಬಿ ಚಿಗುರಿನ ಕೆಳಗೆ ಗಿಡಹೇನು ಇದ್ರೆ ಅಲ್ಲಿ ಇರುವೆಗಳೂ ಇರ್ತವೆ, ಇರುವೆ ತನ್ನ ಮೀಸೆಯಿಂದ ಹೇನಿನ ಬೆನ್ನು ತಟ್ಟತ್ತೆ, ಹಿಂದಿನಿಂದ ಸಿಹಿ ರಸದ ಒಂದು ಹನಿ ಉಬ್ಬಿ ಬರತ್ತೆ, ಇರುವೆ ಅದನ್ನ ಕುಡಿಯತ್ತೆ. ಆ ಹನಿಯೊಳಗೆ ಆಕಾಶದ ಬೆಳಕು ಹೊಳೆಯೋದು ಕೂಡ ಫೋಟೋದಲ್ಲಿ ಸಿಗತ್ತೆ! ಜೇನುಹುಳ ಅಂದ್ಕೊಂಡು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದ್ರೆ ನಾಲ್ಕು ರೆಕ್ಕೆ ಬದಲು ಎರಡೇ ರೆಕ್ಕೆ, ಚೋಟು ಮೀಸೆ, ಮುಖದ ತುಂಬ ಕಣ್ಣು, ಅಂದ್ರೆ ಅದು ಜೇನಿನ ವೇಷದ ನೊಣ. ಇಂಥದ್ದೆಲ್ಲ ತೋಟದಲ್ಲಿ ದಿನಾ ನಡೀತಾನೇ ಇರತ್ತೆ.

ಈಗ ಕಷ್ಟದ ವಿಷಯ. ಎರಡರಷ್ಟು ದೊಡ್ಡದು ಮಾಡಿದಾಗ ಅಪರ್ಚರ್ ಎಫ್/11ರಷ್ಟು ಸಣ್ಣದಾಗಿ ಇಟ್ರೂ ಶಾರ್ಪಾಗಿ ಬರೋ ಆಳ ಅರ್ಧ ಮಿಲಿಮೀಟರ್ ಕೂಡ ಇರಲ್ಲ, ಕಣ್ಣು ಶಾರ್ಪಾದ್ರೆ ಮೀಸೆ ತುದಿ ಮಸುಕು. ಇದು ಗಾಜಿನ ದೋಷ ಅಲ್ಲ, ಯಾವ ಮ್ಯಾಕ್ರೋ ಲೆನ್ಸ್ ತಂದ್ರೂ ಈ ಸಮಸ್ಯೆ ಇದ್ದೇ ಇರತ್ತೆ. ಆಟೋ ಫೋಕಸ್ ಮುಂದೆ ಹಿಂದೆ ಹುಡುಕಾಡ್ತಾ ಇರತ್ತೆ, ಅದನ್ನ ಆಫ್ ಮಾಡಿ, ಮೊಣಕೈ ಮೈಗೆ ಒತ್ತಿಕೊಂಡು ನೀವೇ ಕೂದಲೆಳೆಯಷ್ಟು ಮುಂದೆ ಹಿಂದೆ ಆಗ್ತಾ ಕಣ್ಣು ಶಾರ್ಪಾದಾಗ ಒತ್ತಿ. ಏರೋಪ್ಲೇನ್ ಚಿಟ್ಟೆ ಥರ ಉದ್ದ ಮೈ ಇರೋದಾದ್ರೆ ಅದರ ಪಕ್ಕಕ್ಕೆ ಸರಿಯಾಗಿ ಸಮಾನಾಂತರ ನಿಂತ್ರೆ ತಲೆಯಿಂದ ಬಾಲದವರೆಗೂ ಫೋಕಸ್ ಸಿಗೋ ಚಾನ್ಸ್ ಜಾಸ್ತಿ.

ಗಾಳಿ ಇದ್ರೆ ಫ್ಲ್ಯಾಶ್ ಇಲ್ದೆ ಕಷ್ಟ. ಹಾಗಂತ ಬರೀ ಫ್ಲ್ಯಾಶ್ ಹೊಡೆದ್ರೆ ಜೀರುಂಡೆ ಬೆನ್ನ ಮೇಲೆ ಬಿಳಿ ಚುಕ್ಕೆ ಸುಟ್ಟ ಹಾಗೆ ಬರತ್ತೆ, ಅದಕ್ಕೆ ಫ್ಲ್ಯಾಶ್ ಮುಂದೆ ಬಿಳಿ ಫೋಮ್ ಹಾಳೆ ಬಗ್ಗಿಸಿ ಕಟ್ಟಿ, ಹುಳಕ್ಕೆ ಎಷ್ಟು ಹತ್ರ ತರ್ತೀರೋ ಬೆಳಕು ಅಷ್ಟು ಮೃದು ಆಗತ್ತೆ. ಬೆಳಗ್ಗೆ ಬೇಗ ಹೋದ್ರೆ ಅರ್ಧ ಕೆಲಸ ಸುಲಭ, ತಂಪಿಗೆ ಹುಳಗಳು ಮರಗಟ್ಟಿ ಕೂತಿರ್ತವೆ, ಮೈಮೇಲೆ ಇಬ್ಬನಿ ಬೇರೆ. ಅಲ್ಲಾಡದೆ ಇರ್ಲಿ ಅಂತ ಹುಳನ ಹಿಡಿದು ಫ್ರಿಜ್ಜಲ್ಲಿ ಇಡೋದು ಮಾತ್ರ ದಯವಿಟ್ಟು ಮಾಡ್ಬೇಡಿ, ಒಂದು ಫೋಟೋಗೋಸ್ಕರ ಅದಕ್ಕೆ ಆ ಹಿಂಸೆ ಕೊಡೋದು ಸರಿಯಲ್ಲ.

ತಗೊಳ್ಳೋ ಮುಂಚೆ ನಿಮ್ಮ ಲೆನ್ಸಿನ ಫಿಲ್ಟರ್ ಸೈಜ್ (ಮುಂದಿನ ಥ್ರೆಡ್ಡಿನ ಅಗಲ) ನೋಡ್ಕೊಳ್ಳಿ, ಕ್ಲಿಪ್ 52ರಿಂದ 67 ಮಿಲಿಮೀಟರ್ ವರೆಗೆ ಹಿಡಿಯತ್ತೆ, ಗಾಜಿನ ಸ್ವಂತ ಥ್ರೆಡ್ 43, ಬೇಕಾದ್ರೆ ಸ್ಟೆಪ್ ರಿಂಗ್ (ಬೇರೆ ಬೇರೆ ಸೈಜಿನ ಥ್ರೆಡ್ ಜೋಡಿಸೋ ಬಳೆ) ಹಾಕಿ ತಿರುಗಿಸಿ ಕೂರಿಸ್ಬಹುದು, ಅದು ಇನ್ನೂ ಗಟ್ಟಿ. 18-55 ಕಿಟ್ ಲೆನ್ಸ್ ಒಂದೇ ಇರೋರಿಗೆ ಇದು ಬೇಡ, ಅಗಲದ ಕಡೆ ಮೂಲೆಗಳು ಕಪ್ಪಾಗ್ತವೆ, ಇನ್ಫಿನಿಟಿ ಫೋಕಸ್ಸಲ್ಲಿ 55ಕ್ಕೆ ಅರ್ಧದಷ್ಟು ಸೈಜೂ ಸಿಗಲ್ಲ. ಬರೀ ಹೂವು, ಚಿಟ್ಟೆ ಸಾಕು ಅನ್ನೋರು ಇದೇ ಕಂಪನಿಯ ಡಿಸಿಆರ್-150 ನೋಡಿ, ಅದು 4.8 ಡಯಾಪ್ಟರ್, ಸುಮಾರು 20 ಸೆಂಟಿಮೀಟರ್ ದೂರದಿಂದ ತೆಗೀಬಹುದು, ಫೋಕಸ್ ಹಿಡಿಯೋದೂ ಸುಲಭ. ಇರುವೆ, ಗಿಡಹೇನು, ಪರಾಗ ಅಂದ್ರೆ 250ನೇ.