‘ಈಸಿ ಫ್ಯಾಮಿಲಿ ಟ್ರೆಕ್’ ಅಂತ ಕಣಿವೆಯ ಜಲಪಾತಕ್ಕೆ ಕರೆದರೆ, ಹೊರಡುವ ಮುಂಚೆ ಇದನ್ನು ಓದಿ

ಈ ಮಳೆಗಾಲದಲ್ಲಿ ಮಕ್ಕಳು, ವಯಸ್ಸಾದವರನ್ನು ಕರೆದುಕೊಂಡು ಯಲ್ಲಾಪುರ, ಶಿರಸಿ ಕಡೆ ಜಲಪಾತ ನೋಡಲು ಕಣಿವೆಗೆ ಇಳಿಯುವ ಯೋಚನೆ ಇದ್ದರೆ ದಯವಿಟ್ಟು ಪೂರ್ತಿ ಓದಿ. ನಮ್ಮ ಮನೆಯವರೆಲ್ಲ ಹೋಗಿ ಜೀವ ಉಳಿಸಿಕೊಂಡು ಬಂದಿದ್ದೇವೆ. ಅತ್ತೆಯ ಮಣಿಕಟ್ಟು ಮುರಿದಿದೆ, ಪ್ಲಾಸ್ಟರ್ ಇನ್ನೂ ಬಿಚ್ಚಿಲ್ಲ. ಜಲಪಾತದ ಹೆಸರು ಬರೆಯುತ್ತಿಲ್ಲ. ಬರೆದರೆ ನಾಳೆಯೇ ಮ್ಯಾಪ್ ಹಾಕಿಕೊಂಡು ಹೊರಡುವವರು ಇರುತ್ತಾರೆ. ಕರೆದುಕೊಂಡು ಹೋದವರ ಹೆಸರೂ ಬೇಡ. ಅಂಥ ಗುಂಪುಗಳು ಹುಬ್ಬಳ್ಳಿಯಲ್ಲಿ ಈಗ ಒಂದೆರಡಲ್ಲ.

ಪೋಸ್ಟರ್‌ನಲ್ಲಿ ಇದ್ದದ್ದು ಇಷ್ಟು: ಎರಡು ಕಿಲೋಮೀಟರ್ ನಡಿಗೆ, ಮಕ್ಕಳಿಂದ ಹಿಡಿದು ಅಜ್ಜಿ ತನಕ ಯಾರು ಬೇಕಾದರೂ ಬರಬಹುದು, ತಿಂಡಿ-ಊಟ ಬಸ್ಸಿನಲ್ಲೇ. ದುಡ್ಡು ಕಟ್ಟುವ ಮುಂಚೆ ನನ್ನ ಹೆಂಡತಿ ಫೋನ್ ಮಾಡಿ, ಅಮ್ಮನಿಗೆ ಮಂಡಿ ನೋವು, ನಡೆಯೋಕೆ ಆಗುತ್ತಾ ಅಂತ ಕೇಳಿದಳು. "ಏನೂ ತ್ರಾಸಿಲ್ರೀ ಅಕ್ಕಾರ, ಉಣಕಲ್ ಕೆರಿ ದಂಡಿ ಮ್ಯಾಲ ಅಡ್ಡಾಡಿದಂಗ" ಅಂದರು.

ಎರಡು ಕಿಲೋಮೀಟರ್ ಅನ್ನೋದು ಸುಳ್ಳಲ್ಲ. ಆದರೆ ಆ ಎರಡೂ ಕಿಲೋಮೀಟರ್ ಇಳಿಜಾರು ಅಂತ ಯಾರೂ ಹೇಳಲಿಲ್ಲ. ಗುಡ್ಡ ಹತ್ತುವ ಟ್ರೆಕ್ಕಿನಲ್ಲಿ ಕಷ್ಟ ಮೊದಲೇ ಬರುತ್ತದೆ, ಸುಸ್ತಾದವರು ಅರ್ಧಕ್ಕೇ ವಾಪಸ್ ತಿರುಗಬಹುದು. ಕಣಿವೆಯಲ್ಲಿ ಹಾಗಲ್ಲ. ಇಳಿಯುವಾಗ ಎಲ್ಲರೂ ನಗ್ತಾ ಇಳೀತಾರೆ. ಹತ್ತಬೇಕಾದದ್ದು ಕೊನೆಯಲ್ಲಿ. ಅಷ್ಟೊತ್ತಿಗೆ ಮಕ್ಕಳ ಕಾಲು ಸೋತಿರುತ್ತದೆ, ಬಟ್ಟೆ ಒದ್ದೆಯಾಗಿರುತ್ತದೆ, ಕತ್ತಲಾಗುತ್ತಾ ಬಂದಿರುತ್ತದೆ.

ಅವರು ಹೇಳದೆ ಬಿಟ್ಟ ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಜಲಪಾತ ಮುಟ್ಟಲು ದಾರಿಯಲ್ಲಿ ಎರಡು ಕಡೆ ಹಳ್ಳ ದಾಟಬೇಕು. ಸೇತುವೆ ಇಲ್ಲ, ಕಾಲುಸಂಕವೂ ಇಲ್ಲ. ಹೋಗುವಾಗ ನೀರು ಪಾದ ಮುಳುಗುವಷ್ಟಿತ್ತು. ಎರಡನೇ ಹಳ್ಳದ ನಡುವೆ ಚಪ್ಪಟೆ ಬಂಡೆ ಒಂದಿತ್ತು. ನಮ್ಮ ಮಕ್ಕಳಿಬ್ಬರೂ ಅದರ ಮೇಲೆ ಕೂತು, ನೀರಿಗೆ ಕಾಲು ಇಳಿಬಿಟ್ಟು ಮಂಡಕ್ಕಿ ತಿಂದರು. ಫೋಟೋ ಕೂಡ ಇದೆ. ಬಂಡೆ ನೀರಿನಿಂದ ಒಂದು ಮೊಳ ಮೇಲೆ ಕಾಣುತ್ತದೆ.

ಜಲಪಾತದ ಹತ್ತಿರ ಮುಕ್ಕಾಲು ಗಂಟೆ ಇದ್ದಿರಬೇಕು. ನಮ್ಮ ತಲೆ ಮೇಲೆ ಒಂದು ಹನಿಯೂ ಬೀಳಲಿಲ್ಲ, ಬಿಸಿಲೇ ಇತ್ತು. ಮೊದಲು ಬದಲಾದದ್ದು ನೀರಿನ ಬಣ್ಣ. ತಳದ ಕಲ್ಲು ಕಾಣುತ್ತಿದ್ದ ನೀರು ಚಹಾದ ಬಣ್ಣಕ್ಕೆ ತಿರುಗಿತು. ಆಮೇಲೆ ಒಣಗಿದ ಎಲೆ, ಸಣ್ಣ ಕಡ್ಡಿ, ತೆಂಗಿನ ಸಿಪ್ಪೆ ತೇಲಿ ಬಂದವು. ಸದ್ದು ದಪ್ಪವಾಯಿತು. ಗೈಡ್ ಅಂತ ಬಂದಿದ್ದ ಹುಡುಗರಿಬ್ಬರೂ ಯಾರದೋ ರೀಲ್ಸ್ ತೆಗೆದುಕೊಡ್ತಾ ಇದ್ದರು. ಮೇಲಿನ ಅಡಿಕೆ ತೋಟದಿಂದ ಯಾರೋ ಹಿರಿಯರು ಓಡಿ ಬಂದು, "ನೀರು ಬಂತು, ಮಕ್ಕಳನ್ನ ಎತ್ಕೊಂಡು ಮೇಲೆ ಹತ್ತಿ" ಅಂತ ಕೂಗಿದ್ದರಿಂದ ನಾವು ಬದುಕಿದೆವು. ದಾರಿ ಹಿಡಿಯಬೇಡಿ, ಇದ್ದಲ್ಲಿಂದಲೇ ದಂಡೆ ಹತ್ತಿ ಅಂದರು. ಆ ಗಡಿಬಿಡಿಯಲ್ಲೇ ಅತ್ತೆ ಪಾಚಿಕಲ್ಲಿನ ಮೇಲೆ ಜಾರಿ ಕೈಯೂರಿ ಬಿದ್ದದ್ದು.

ಮೇಲಿನಿಂದ ನೋಡಿದರೆ ಮಂಡಕ್ಕಿ ತಿಂದ ಬಂಡೆ ಇರಲೇ ಇಲ್ಲ. ಅದು ಇದ್ದ ಜಾಗದಲ್ಲಿ ಕೆಂಪು ನೀರು ಉಬ್ಬಿ ಸುತ್ತು ಹೊಡೀತಿತ್ತು, ಅಷ್ಟೇ.

ಸಂಜೆ ತನಕ ಈಚೆ ದಂಡೆಯಲ್ಲೇ ಕೂತೆವು. ಫೋನಿಗೆ ಸಿಗ್ನಲ್ ಇಲ್ಲ. 112ಕ್ಕೆ ಯಾವ ಕಂಪನಿಯ ಟವರ್ ಸಿಕ್ಕರೂ ಕರೆ ಹೋಗುತ್ತದೆ ನಿಜ, ಆದರೆ ಕಣಿವೆಯ ತಳದಲ್ಲಿ ಒಂದು ಟವರ್ ಆದರೂ ಸಿಗಬೇಕಲ್ವಾ? ಬಸ್ಸಿನಲ್ಲಿ ಬಂದಿದ್ದವರ ಹತ್ತಿರ ಒಂದು ಹಗ್ಗ ಇರಲಿಲ್ಲ, ಬ್ಯಾಂಡೇಜ್ ಇರಲಿಲ್ಲ. ನೀರು ಇಳಿದ ಮೇಲೆ ತೋಟದವರೇ ಎರಡೂ ದಂಡೆಯ ಮರಗಳಿಗೆ ಹಗ್ಗ ಬಿಗಿದು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ದಾಟಿಸಿದರು. ಅತ್ತೆಯನ್ನು ಎರಡು ಬಿದಿರಿಗೆ ಕಂಬಳಿ ಕಟ್ಟಿ ಹೊತ್ತು ತಂದರು. ಕೊಟ್ಟ ದುಡ್ಡು ಮುಟ್ಟಲಿಲ್ಲ. ಆ ಮನೆಯವರ ಋಣ ನಾವು ಹೇಗೆ ತೀರಿಸಬೇಕೋ ಗೊತ್ತಿಲ್ಲ.

"ಅಚಾನಕ್ ಆಯ್ತು, ಯಾರಿಗೆ ಗೊತ್ತಿತ್ತು" ಅಂತ ಈಗ ಕರೆದುಕೊಂಡು ಹೋದವರು ಹೇಳ್ತಾ ಇದ್ದಾರೆ. ಇದನ್ನು ಮಾತ್ರ ನಾನು ಒಪ್ಪಲ್ಲ. ಕಣಿವೆಯ ನೀರು ನಮ್ಮ ತಲೆ ಮೇಲಿನ ಮೋಡದಿಂದ ಬರುವುದಿಲ್ಲ, ಹಳ್ಳದ ಮೇಲ್ಭಾಗದ ಮಳೆಯಿಂದ ಬರುತ್ತದೆ. ಜುಲೈ ಹೊತ್ತಿಗೆ ಘಟ್ಟದ ಮಣ್ಣು ಸಾಕಷ್ಟು ನೀರು ಕುಡಿದಿರುತ್ತದೆ, ಮತ್ತೆ ಬಿದ್ದ ಮಳೆ ಇಂಗದೆ ಸೀದಾ ಹಳ್ಳಕ್ಕೆ ಇಳಿಯುತ್ತದೆ. ಬಯಲಿನಲ್ಲಿ ಅಗಲಕ್ಕೆ ಹರಡುವ ನೀರು ಕಣಿವೆಯಲ್ಲಿ ಎತ್ತರಕ್ಕೆ ಏರುತ್ತದೆ. ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಸೋಮೇಶ್ವರ ಗುಡಿ ಹತ್ತಿರ ಹುಟ್ಟುವ ಶಾಲ್ಮಲೆಯೇ ಬೇಡ್ತಿ ಸೇರಿ, ಯಲ್ಲಾಪುರದ ಕಾಡಿನಲ್ಲಿ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಸಮುದ್ರ ಸೇರುತ್ತದೆ. ನಮ್ಮೂರಿನ ಮಳೆಯೂ ಆ ನೀರಿನಲ್ಲಿ ಇರುತ್ತದೆ.

ಆದ್ದರಿಂದ ಹೊರಡುವ ಹಿಂದಿನ ದಿನ ಫೋನಿನಲ್ಲಿ ಹುಬ್ಬಳ್ಳಿಯ ಹವಾಮಾನ ಒಂದನ್ನೇ ನೋಡಿದರೆ ಸಾಲದು. ಹವಾಮಾನ ಇಲಾಖೆ ಎಚ್ಚರಿಕೆ ಕೊಡುವುದು ಜಿಲ್ಲೆವಾರು. ನೀವು ಮುಖ್ಯವಾಗಿ ನೋಡಬೇಕಾದದ್ದು ಉತ್ತರ ಕನ್ನಡದ್ದು. ಅವರ ಲೆಕ್ಕದಲ್ಲಿ ‘ಭಾರಿ ಮಳೆ’ ಅಂದರೆ 24 ಗಂಟೆಯಲ್ಲಿ 64.5 ಮಿಲಿಮೀಟರ್‌ಗಿಂತ ಜಾಸ್ತಿ, ‘ಅತಿ ಭಾರಿ’ ಅಂದರೆ 115.6ರಿಂದ ಮೇಲೆ. ಆರೆಂಜ್ ಅಲರ್ಟ್ ಇದ್ದರೆ ಕಣಿವೆಯ ಮಾತೇ ಬೇಡ. ಯೆಲ್ಲೋ ಇದ್ದರೂ ಮಕ್ಕಳ ಜೊತೆ ನಾನಂತೂ ಹೋಗಲ್ಲ.

ಮೊಣಕಾಲು ತನಕ ತಾನೇ, ಕೈ ಹಿಡ್ಕೊಂಡು ದಾಟೋಣ ಅಂತ ಅವತ್ತು ನಮ್ಮ ಗುಂಪಿನಲ್ಲೂ ಕೆಲವರು ಹಟ ಹಿಡಿದಿದ್ದರು. ರಭಸವಾಗಿ ಹರಿಯುವ ನೀರು ಬರೀ ಆರು ಇಂಚು ಇದ್ದರೂ ದೊಡ್ಡವರನ್ನೇ ಕೆಡವುತ್ತದೆ. 2024ರ ಜೂನ್ 30ರಂದು ಲೋನಾವಳದ ಭೂಶಿ ಡ್ಯಾಮ್ ಹತ್ತಿರದ ಜಲಪಾತದಲ್ಲಿ ಒಂದೇ ಕುಟುಂಬದ ಐದು ಜನ ಕೊಚ್ಚಿ ಹೋದರು, ಅವರಲ್ಲಿ ಮಕ್ಕಳೇ ಜಾಸ್ತಿ. ನೀರಿನ ನಡುವೆ ಒಬ್ಬರನ್ನೊಬ್ಬರು ಅಪ್ಪಿ ನಿಂತಿದ್ದ ಆ ವಿಡಿಯೋ ನೀವೂ ನೋಡಿರಬಹುದು. ನಮ್ಮ ರಾಜ್ಯದಲ್ಲೇ 2023ರ ಜುಲೈನಲ್ಲಿ ಕೊಲ್ಲೂರಿನ ಹತ್ತಿರ ಅರಸಿನಗುಂಡಿ ಜಲಪಾತದಲ್ಲಿ ಬಂಡೆ ಮೇಲೆ ನಿಂತಿದ್ದ ಯುವಕ ಕಾಲು ಜಾರಿ ಹೋದ. ಅದೂ ವಿಡಿಯೋದಲ್ಲಿದೆ. ಇವನ್ನೆಲ್ಲ ನೋಡಿಯೂ ‘ಈಸಿ’ ಅಂತ ಪೋಸ್ಟರ್ ಹಾಕುವವರ ಮೇಲೆ ನನಗೆ ಸಿಟ್ಟಿದೆ.

ಮನೆಯವರ ಜೊತೆ ನೀರು ನೋಡಲೇಬೇಕು ಅಂದರೆ ಮಾಗೋಡಿಗೆ ಹೋಗಿ. ಸುಮಾರು 200 ಮೀಟರ್ ಧುಮುಕುವ ಜಲಪಾತವನ್ನು ಎದುರಿನ ವ್ಯೂ ಪಾಯಿಂಟಿನಿಂದಲೇ ನೋಡಬಹುದು. ಅಲ್ಲೇ ಹತ್ತಿರ ಜೇನುಕಲ್ಲು ಗುಡ್ಡ ಇದೆ. ಕಣಿವೆ ಪೂರ್ತಿ ಕಾಣುತ್ತದೆ, ಆದರೆ ಇಳಿಯುವ ಪ್ರಮೇಯ ಇಲ್ಲ.

ಯಾರಾದರೂ ಟ್ರೆಕ್ ಅಂತ ಕರೆದರೆ ಎಷ್ಟು ಕಿಲೋಮೀಟರ್ ಅಂತ ಮಾತ್ರ ಕೇಳಬೇಡಿ. ಎಷ್ಟು ಇಳಿಯಬೇಕು, ಹಳ್ಳ ದಾಟಬೇಕಾ, ನೀರು ಏರಿದರೆ ವಾಪಸ್ ಬರಲು ಬೇರೆ ದಾರಿ ಇದೆಯಾ, ಅರಣ್ಯ ಇಲಾಖೆಯ ಅನುಮತಿ ಇದೆಯಾ, ಇಷ್ಟನ್ನೂ ಕೇಳಿ. ನಾವು ಅನುಮತಿ ಪತ್ರ ತೋರಿಸಿ ಅಂತ ಆಮೇಲೆ ಕೇಳಿದಾಗ ಫೋನ್ ಇಟ್ಟುಬಿಟ್ಟರು.

ಬರುವ ಭಾನುವಾರಕ್ಕೂ ಅದೇ ಪೋಸ್ಟರ್ ಹುಬ್ಬಳ್ಳಿಯ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಬಸ್ ಬೆಳಿಗ್ಗೆ ಹೊರಡುತ್ತದಂತೆ. ಸೀಟು ಬುಕ್ ಮಾಡಿದವರು ಇದನ್ನು ಓದುತ್ತಿದ್ದರೆ, ದುಡ್ಡು ವಾಪಸ್ ಬರದಿದ್ದರೂ ಪರವಾಗಿಲ್ಲ, ಕ್ಯಾನ್ಸಲ್ ಮಾಡಿ.