ಮೋಹನದ ಗಾಂಧಾರ: 300, 302 ಅಥವಾ 304?

ಒಂದೇ ಕೀಬೋರ್ಡ್, ಒಂದೇ ರಾಗ, ಮೂರು ಥರದ ಶ್ರುತಿ ಲೆಕ್ಕ. ಹಾರ್ಮೋನಿಯಂನಲ್ಲಿರುವ ಸಮಪಾಲಿನ ಲೆಕ್ಕ, ಪಂಚಮದ ಮೇಲೆ ಪಂಚಮ ಏರಿಸುತ್ತಾ ಹೋದರೆ ಸಿಗುವ ಪೈಥಾಗೊರಸ್ ಲೆಕ್ಕ, ಆಮೇಲೆ 5/4, 5/3 ಥರದ ಸಣ್ಣ ಸಂಖ್ಯೆಗಳ ಶುದ್ಧ ಅನುಪಾತ. ಯಾವುದು ಒಳ್ಳೇದು ಅಂತ ಕೇಳಿದರೆ ಸಂಗೀತ ಬಲ್ಲವರು ಯೋಚನೆನೇ ಮಾಡದೆ ಶುದ್ಧ ಅನುಪಾತ ಅಂತಾರೆ, ಹಾರ್ಮೋನಿಯಂ ಹೆಸರೆತ್ತಿದರೆ ಮೂಗು ಮುರೀತಾರೆ. ಈ ಮಳೆಗಾಲ ತೀರ್ಥಹಳ್ಳಿಯ ಮನೆಯಲ್ಲಿ ಕೂತು ಮೂರನ್ನೂ ಹೋಲಿಸಿ ನೋಡಿದೆ. ನನಗೆ ಕಂಡಿದ್ದು ಇಷ್ಟು: ಪಕ್ಕದಲ್ಲಿ ತಂಬೂರಿ ಇದೆಯಾ ಇಲ್ಲವಾ, ಷಡ್ಜ ಒಂದೇ ಕಡೆ ಕೂತಿರುತ್ತಾ ಇಲ್ಲ ಓಡಾಡುತ್ತಾ, ಇದರ ಮೇಲೆ ಗೆಲ್ಲುವವರು ಬದಲಾಗ್ತಾರೆ.

ಮೋಹನ ರಾಗ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಅದರ ಐದೂ ಸ್ವರ ಬರೀ ನಾಲ್ಕು ಪಂಚಮದಲ್ಲಿ ಹುಟ್ಟುತ್ತವೆ. ಸ ಸೆಕೆಂಡಿಗೆ 240 ಕಂಪನ ಎಂದು ಇಟ್ಟುಕೊಳ್ಳಿ. ಒಂದೂವರೆ ಪಟ್ಟು ಮಾಡಿದರೆ ಪ 360. ಮತ್ತೆ ಒಂದೂವರೆ ಪಟ್ಟು 540, ಒಂದು ಸ್ಥಾಯಿ ಇಳಿಸಿದರೆ, ಅಂದರೆ ಅರ್ಧ ಮಾಡಿದರೆ, ರಿ 270. ಅಲ್ಲಿಂದ ಧ 405. ಅದರಿಂದ 607.5, ಇಳಿಸಿದರೆ ಗ 303.75. ಇದು ಪೈಥಾಗೊರಸ್ ದಾರಿ. ಶುದ್ಧ ಅನುಪಾತದಲ್ಲಿ ಸ, ರಿ, ಪ ಮೂರೂ ಅವೇ, ಆದರೆ ಗ ನೇರವಾಗಿ 5/4, ಅಂದರೆ 300, ಮತ್ತು ಧ 5/3, ಅಂದರೆ 400. ಸಮಪಾಲಿನಲ್ಲಿ ಸ್ಥಾಯಿಯನ್ನು ಹನ್ನೆರಡು ಸಮ ಮೆಟ್ಟಿಲು ಮಾಡುವುದರಿಂದ ಪ್ರತಿ ಮೆಟ್ಟಿಲೂ 1.05946 ಪಟ್ಟು. ಅಲ್ಲಿ ರಿ 269.4, ಗ 302.4, ಪ 359.6, ಧ 403.6. ಜಗಳ ಇರೋದು ಗ ಮತ್ತು ಧ ಎರಡರಲ್ಲೇ. ಪಂಚಮದಲ್ಲಿ ವ್ಯತ್ಯಾಸ ಎಷ್ಟು ಚಿಕ್ಕದು ಅಂದ್ರೆ ನನ್ನ ಕಿವಿಗೆ ಅದು ದಕ್ಕಲೇ ಇಲ್ಲ.

ಕೀಬೋರ್ಡಿನಲ್ಲಿ ಸ್ಕೇಲ್ ಟ್ಯೂನಿಂಗ್ ಅಂತ ಇರುತ್ತೆ. ಒಂದೊಂದು ಮನೆಯನ್ನೂ (ಕೀ) ಸೆಂಟ್ ಲೆಕ್ಕದಲ್ಲಿ ಏರಿಸಿ ಇಳಿಸಬಹುದು. ಪಕ್ಕಪಕ್ಕದ ಎರಡು ಮನೆಗಳ ನಡುವೆ 100 ಸೆಂಟ್. ಶುದ್ಧ ಅನುಪಾತಕ್ಕೆ ರಿ 4 ಮೇಲೆ, ಗ 14 ಕೆಳಗೆ, ಪ 2 ಮೇಲೆ, ಧ 16 ಕೆಳಗೆ. ಪೈಥಾಗೊರಸ್‌ಗೆ ರಿ 4, ಗ 8, ಪ 2, ಧ 6, ಎಲ್ಲವೂ ಮೇಲೆ. ಯಾರಾದರೂ ಮಾಡಿ ನೋಡುವುದಿದ್ದರೆ ಪಿಯಾನೊ ಟೋನ್ ಬೇಡ, ಶಬ್ದ ಬೇಗ ಆರಿಹೋಗಿ ಏನೂ ಗೊತ್ತಾಗಲ್ಲ. ಹಾರ್ಮೋನಿಯಂ ಅಥವಾ ಆರ್ಗನ್ ಟೋನ್ ಹಾಕಿ. ಕೋರಸ್, ರಿವರ್ಬ್ ಎರಡನ್ನೂ ಮುಚ್ಚಿ, ಅವು ತಾವೇ ಒಂದು ಅಲುಗಾಟ ಸೇರಿಸುತ್ತವೆ.

ಹಾಡಿದ್ದು ಅತ್ತಿಗೆ. ಅವರ ಷಡ್ಜ ಕಪ್ಪು ನಾಲ್ಕು (ನಾಲ್ಕನೇ ಕಪ್ಪು ಮನೆ), ಅಂದರೆ 240ಕ್ಕಿಂತ ತಗ್ಗು, ಆದರೆ ಅನುಪಾತ ಅದೇ ಆದ್ದರಿಂದ ಮೇಲಿನ ಸಂಖ್ಯೆಗಳಲ್ಲೇ ಮಾತಾಡ್ತೀನಿ. ಯಾವ ಸಲ ಯಾವ ಲೆಕ್ಕ ಹಾಕಿದ್ದೇನೆ ಅಂತ ಅವರಿಗೆ ಹೇಳಲಿಲ್ಲ.

ಮೊದಲು ತಂಬೂರಿ ಜೊತೆ. ಮಳೆಗಾಲದಲ್ಲಿ ತಂಬೂರಿ ಶ್ರುತಿ ಮಾಡೋದು ಒಂದು ಶಿಕ್ಷೆನೇ. ಥಂಡಿಗೆ ಬಿರಡೆ ಊದಿಕೊಂಡು ತಿರುಗಲ್ಲ, ತಿರುಗಿದರೆ ಒಂದೇ ಸಲ ಜಾಸ್ತಿ ತಿರುಗುತ್ತೆ. ಕೊನೆಗೆ ಮಣಿ ಸರಿಸಿಯೇ ಕೂರಿಸಬೇಕು. ಆದರೆ ಕೂತ ಮೇಲೆ ಅದು ತಾನಾಗಿಯೇ ಗಾಂಧಾರ ಹಾಡುತ್ತೆ. ತಂಬೂರಿಗೆ ಗಾಂಧಾರದ ತಂತಿ ಇಲ್ಲ, ಆದರೂ ಮಂದ್ರ ಷಡ್ಜ ಮೀಟಿದಾಗ ಕುದುರೆಯ ಮೇಲೆ ಜೀವದ ನೂಲು ಸರಿಯಾಗಿ ಕೂತಿದ್ದರೆ ಅದರೊಳಗಿಂದ ಸಣ್ಣಗೆ ಒಂದು ಗ ಮೇಲೇಳುತ್ತದಲ್ಲ, ಅದೇ. 120ರ ಐದು ಪಟ್ಟು 600, ಅದು 300ರ ಮೇಲಿನ ಸ್ಥಾಯಿ. ಅಂದರೆ ತಂಬೂರಿ ಮೊದಲೇ ಶುದ್ಧ ಅನುಪಾತದ ಪಕ್ಷ.

ಆ 600ರ ಎದುರು ಸಮಪಾಲಿನ ಗಾಂಧಾರದ ಮೇಲಿನ ಸ್ಥಾಯಿ 604.8. ಎರಡೂ ತಾಕಿ ಸೆಕೆಂಡಿಗೆ ಸುಮಾರು ಐದು ಸಲ ಶಬ್ದ ಏರಿ ಇಳಿಯುತ್ತೆ. ಪೈಥಾಗೊರಸ್‌ನದು 607.5, ಅಲ್ಲಿ ಏಳೂವರೆ ಸಲ. ಪೈಥಾಗೊರಸ್ ಹಾಕಿ ಗಾಂಧಾರ ಒತ್ತಿ ಹಿಡಿದ ಕೂಡಲೇ ಅತ್ತಿಗೆ "ಇದೆಂಥದು ಮಾರಾಯ, ಗಾಂಧಾರಕ್ಕೆ ಚಳಿಜ್ವರ ಬಂದ ಹಾಗೆ ನಡುಗ್ತಿದೆ" ಅಂದರು. ಸಮಪಾಲಿಗೆ ಅಷ್ಟು ಬೈಯಲಿಲ್ಲ, ಸ್ವಲ್ಪ ಚೂಪು ಅಂದರು ಅಷ್ಟೇ. ಶುದ್ಧ ಅನುಪಾತ ಹಾಕಿದಾಗ ಏನೂ ಹೇಳದೆ ಹಾಡುತ್ತಾ ಹೋದರು. ಕೀಬೋರ್ಡಿನ ಗಾಂಧಾರ ತಂಬೂರಿಯೊಳಗೆ ಮುಳುಗಿ ಎರಡನ್ನೂ ಬೇರೆ ಮಾಡಿ ಕೇಳೋದೇ ಕಷ್ಟ ಆಯ್ತು. ಈ ಸುತ್ತಿನಲ್ಲಿ ಸ್ಪರ್ಧೆನೇ ಇಲ್ಲ.

ಆಮೇಲೆ ತಂಬೂರಿ ಕೆಳಗಿಟ್ಟು ಬರೀ ಕೀಬೋರ್ಡಿನಲ್ಲಿ ಒಂದೊಂದೇ ಸ್ವರ ನುಡಿಸಿದೆ, ಸಗರಿಗಪ, ಗಪಧಸ, ಹೀಗೆ. ಇಲ್ಲಿ ಎಲ್ಲ ಉಲ್ಟಾ. ಮೊದಲು ಬೈಸಿಕೊಂಡ ಪೈಥಾಗೊರಸ್ಸೇ ಅತ್ತಿಗೆಗೆ ಇಷ್ಟ ಆಯ್ತು, ಗಾಂಧಾರ ಕಳೆಯಾಗಿದೆ ಅಂತ. ಶುದ್ಧ ಅನುಪಾತದ ಧೈವತ ಮಾತ್ರ "ಇಳಿದುಹೋಗಿದೆ" ಅಂದರು. ನನಗೂ ಹಾಗೇ ಕೇಳಿಸ್ತು. ಜೊತೆಯಲ್ಲಿ ಏನೂ ಮೊಳಗದಿದ್ದಾಗ ತಾಕಿ ನಡುಗಲು ಇನ್ನೊಂದು ಶಬ್ದವೇ ಇಲ್ಲ, ಆಗ ಕಿವಿ ನೋಡೋದು ಮೆಟ್ಟಿಲುಗಳನ್ನು. ಪೈಥಾಗೊರಸ್‌ನಲ್ಲಿ ಸ ದಿಂದ ರಿ, ರಿ ಯಿಂದ ಗ, ಪ ದಿಂದ ಧ ಎಲ್ಲ ಒಂದೇ ಅಳತೆ, 9/8. ಶುದ್ಧ ಅನುಪಾತದಲ್ಲಿ ಮೊದಲನೆಯದು 9/8, ಉಳಿದೆರಡು 10/9.

ಮೂರನೆಯದು ಗ್ರಹಭೇದ, ಅಂದರೆ ಅದೇ ಸ್ವರಗಳಲ್ಲಿ ಬೇರೊಂದನ್ನು ಷಡ್ಜ ಮಾಡಿಕೊಳ್ಳೋದು. ಮೋಹನದ ರಿಷಭವನ್ನೇ ಷಡ್ಜ ಅಂದುಕೊಂಡರೆ ಮಧ್ಯಮಾವತಿ ರಾಗ ಹುಟ್ಟುತ್ತೆ. ಅದಕ್ಕೆ ಪಂಚಮ ಆಗೋದು ಮೋಹನದ ಧೈವತ. ಶುದ್ಧ ಅನುಪಾತದಲ್ಲಿ 270ಕ್ಕೆ ಪಂಚಮ 405 ಬೇಕು, ಇರೋದು 400. 270, 400 ಎರಡನ್ನೂ ಒಟ್ಟಿಗೆ ಒತ್ತಿದರೆ 270ರ ಮೂರು ಪಟ್ಟು 810, 400ರ ಎರಡು ಪಟ್ಟು 800 ತಾಕಿ ಸೆಕೆಂಡಿಗೆ ಹತ್ತು ಸಲ ಗಡಗಡ, ಕೇಳೋಕಾಗಲ್ಲ. ಪೈಥಾಗೊರಸ್‌ನಲ್ಲಿ ಸರಿಯಾಗಿ 405, ಸಮಪಾಲಿನಲ್ಲೂ ತೊಂದರೆ ಇಲ್ಲ. ತಮಾಷೆ ಅಂದ್ರೆ ಶುದ್ಧ ಅನುಪಾತದಲ್ಲಿ ಪಂಚಮದಿಂದ ಶುರು ಮಾಡಿದರೆ ಸಿಗುವ ಶುದ್ಧಸಾವೇರಿಗೆ ಪಂಚಮ ಚೆನ್ನಾಗೇ ಇದೆ, ಧೈವತದಿಂದ ಹೊರಟರೂ ಇದೆ, ಕೈ ಕೊಡೋದು ರಿಷಭ ಒಂದೇ.

ಹಾಗಾದರೆ ಪೈಥಾಗೊರಸ್ಸೇ ಇಟ್ಟುಕೊಂಡರಾಯ್ತಲ್ಲ? ಐದು ಸ್ವರಕ್ಕೆ ಸರಿ. ಹನ್ನೆರಡು ಪಂಚಮ ಏರಿದರೆ ಏಳು ಸ್ಥಾಯಿಗೆ, ಅಂದರೆ 128 ಪಟ್ಟಿಗೆ ಬಂದು ಕೂರಬೇಕು. ಬರೋದು 129.75. ಈ ಚೂರನ್ನು ಎಲ್ಲಾದರೂ ಒಂದು ಕಡೆ ತುರುಕಲೇಬೇಕು. ಹನ್ನೆರಡೂ ಪಂಚಮದಿಂದ ಸ್ವಲ್ಪ ಸ್ವಲ್ಪ ಕೆತ್ತಿ ತೆಗೆದರೆ ಅದೇ ಸಮಪಾಲು. ಚೀನಾದ ಝೂ ಝೈಯು 1584ರಲ್ಲೇ ಈ ಲೆಕ್ಕವನ್ನು ಕರಾರುವಾಕ್ಕಾಗಿ ಮಾಡಿಟ್ಟಿದ್ದ.

ಭಜನೆ ಮಂಡಳಿಯಲ್ಲಿ ಹಾರ್ಮೋನಿಯಂ ಯಾಕೆ ಬೇಕು ಅನ್ನೋದು ಇಲ್ಲಿ ಗೊತ್ತಾಗುತ್ತೆ. ಶನಿವಾರ ದೇವಸ್ಥಾನದಲ್ಲಿ ಒಬ್ಬರು ಕಪ್ಪು ಒಂದರಲ್ಲಿ ಶುರು ಮಾಡ್ತಾರೆ, ಮುಂದಿನವರು ಬಿಳಿ ನಾಲ್ಕು ಅಂತಾರೆ, ಚಿಕ್ಕ ಹುಡುಗಿಯೊಬ್ಬಳು ಎಲ್ಲಿಂದ ಎತ್ತಿಕೊಳ್ತಾಳೋ ದೇವರಿಗೇ ಗೊತ್ತು. ಶುದ್ಧ ಅನುಪಾತಕ್ಕೆ ಕೂರಿಸಿದ ಕೀಬೋರ್ಡ್ ಒಯ್ದಿದ್ದರೆ ಎರಡನೆಯ ಹಾಡಿಗೇ ಎದ್ದು ಬರಬೇಕಿತ್ತು. ಸಮಪಾಲಿನಲ್ಲಿ ಎಲ್ಲ ಷಡ್ಜಕ್ಕೂ ಒಂದೇ ಪ್ರಮಾಣದ ಅನ್ಯಾಯ, ತಾಳದ ಗದ್ದಲದಲ್ಲಿ ಅದೂ ಕೇಳಲ್ಲ. 1940ರಲ್ಲಿ ರೇಡಿಯೊದವರು ಹಾರ್ಮೋನಿಯಂ ಬೇಡ ಅಂತ ಹೊರಗಿಟ್ಟು, 70ರ ದಶಕದಲ್ಲಿ ಮತ್ತೆ ಒಳಗೆ ಬಿಟ್ಟುಕೊಂಡರು. ತಂಬೂರಿ ಎದುರಿನ ಏಕವ್ಯಕ್ತಿ ಗಾಯನಕ್ಕೆ ಅವರ ದೂರು ನ್ಯಾಯವಾದದ್ದೇ. ಭಜನೆಗೆ ಅಲ್ಲ.

ನಾನೀಗ ಅತ್ತಿಗೆಯ ಅಭ್ಯಾಸಕ್ಕೆ ಕಪ್ಪು ನಾಲ್ಕಕ್ಕೆ ಶುದ್ಧ ಅನುಪಾತ ಸೇವ್ ಮಾಡಿಟ್ಟಿದ್ದೇನೆ, ಭಜನೆಗೆ ಸಮಪಾಲು. ಪೈಥಾಗೊರಸ್ ಗ್ರಹಭೇದದ ಆಟಕ್ಕೆ ಮಾತ್ರ. ಅತ್ತಿಗೆ ಈಗ ಮೋಹನಕಲ್ಯಾಣಿ ರಾಗ ಶುರು ಮಾಡಿದ್ದಾರೆ, ಅದರಲ್ಲಿ ಇಳಿಯುವಾಗ ಪ್ರತಿಮಧ್ಯಮ (ಎರಡು ಮ ಗಳಲ್ಲಿ ಮೇಲಿನದು) ಬರುತ್ತೆ. ಶುದ್ಧ ಅನುಪಾತದ 45/32 ಹಿಡಿದರೆ 337.5, ಸಮಪಾಲಿನಲ್ಲಿ 339.4, ಪೈಥಾಗೊರಸ್‌ನಲ್ಲಿ 341.7. ಮೂರನ್ನೂ ಹಾಕಿ ನೋಡಿದ್ದಾಯ್ತು. ಅವರು ಆ ಸ್ವರವನ್ನು ಪಂಚಮದ ಕಡೆಗೆ ಒಲೆದಾಡಿಸಿಯೇ ಹಾಡೋದರಿಂದ ಅದು ಯಾವ ಸಂಖ್ಯೆಯ ಮೇಲೂ ನಿಲ್ಲಲ್ಲ. ಆ ಮನೆಯನ್ನು ಸೊನ್ನೆಗೇ ಬಿಟ್ಟಿದ್ದೇನೆ.