ಹಳೆ ಫೈಬರ್ ದೋಣಿಗೆ ಯಾವುದು ಹಿಡಿಯುತ್ತದೆ: ಡಾಂಬರು, ಪಾಲಿಯೆಸ್ಟರ್, ಎಪಾಕ್ಸಿ

ನಮ್ಮ ಸೋದರಮಾವ ಹೊಳೆಯಲ್ಲಿ ಮೀನು ಹಿಡಿಯುವವರು. ಚೌಡಯ್ಯದಾನಪುರದ ಕಡೆ ತುಂಗಭದ್ರೆಯಲ್ಲಿ ಬಲೆ ಬಿಡುತ್ತಾರೆ. ಇಷ್ಟು ವರ್ಷ ಹರಿಗೋಲಲ್ಲೇ ದುಡಿದರು. ಈಗ ಮೊಣಕಾಲು ನೋವು, ಅದರಲ್ಲಿ ಕಾಲು ಮಡಚಿ ಕೂರಲು ಆಗುವುದಿಲ್ಲ. ಅದಕ್ಕೇ ಕಾರವಾರದ ಕಡೆಯಿಂದ 16 ಅಡಿಯ ಹಳೆ ಫೈಬರ್ ದೋಣಿ ಒಂದನ್ನು ಕೊಂಡೆವು. ಗಾಡಿ ಮೇಲೆ ಹೇರಿಕೊಂಡು ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ, ಹುಬ್ಬಳ್ಳಿ ದಾಟಿ ಹಾವೇರಿಯ ನಮ್ಮ ಹಿತ್ತಲಿಗೆ ತಂದು ಮಗುಚಿ ಹಾಕಿದೆವು.

ಮಗುಚಿದ ಮೇಲೆ ಅದರ ಸ್ಥಿತಿ ಕಂಡಿತು. ತಳದಲ್ಲಿ ಅಂಗೈ ಉದ್ದದ ಮೂರು ಬಿರುಕು. ಮೂತಿಯ ಹತ್ತಿರ ಬಂಡೆಗೆ ಬಡಿದು ಆದ ತೂತು. ಎಂಜಿನ್ ಕಟ್ಟುವ ಹಿಂದಿನ ಹಲಗೆ ಒಳಗೊಳಗೇ ಕೊಳೆತಿತ್ತು. ಐದು ರೂಪಾಯಿ ನಾಣ್ಯದಿಂದ ಇಂಚಿಂಚು ತಟ್ಟುತ್ತಾ ಹೋದೆ. ಗಟ್ಟಿ ಇದ್ದ ಕಡೆ ಟಣ್ ಅನ್ನುತ್ತದೆ, ಪದರ ಬಿಟ್ಟ ಕಡೆ ಬದ್ ಅನ್ನುತ್ತದೆ. ಬದ್ ಅಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ.

ಮಾವನಿಗೆ ಇದು ದೊಡ್ಡ ವಿಷಯ ಅನ್ನಿಸಲಿಲ್ಲ. "ಅಳಿಯಾ, ಇದಕ್ಯಾಕ ಇಷ್ಟ ತಲಿ ಕೆಡಿಸ್ಕೋತಿ? ಡಾಂಬರ ಕಾಸಿ ಬಳದಬಿಡೂಣು" ಅಂದರು. ಅವರು ಹೇಳಿದ್ದಕ್ಕೆ ಕಾರಣ ಇದೆ. ಹರಿಗೋಲನ್ನು ಅವರು ಸರಿಮಾಡುವುದೇ ಹಾಗೆ. ಬಿದಿರಿನ ಹೆಣಿಕೆ, ಅದರ ಮೇಲೆ ಗೊಬ್ಬರದ ಚೀಲದ ಪ್ಲಾಸ್ಟಿಕ್, ಅದಕ್ಕೆ ಡಾಂಬರು. ನಾನು ಮಾತ್ರ ಹೇಳಿದೆ: "ಮಾವಾ, ಒಂದ ತಿಂಗಳ ತಡೀರಿ, ಮೂರೂ ಹಚ್ಚಿ ನೋಡೂಣು." ಮೂರು ಅಂದರೆ ಡಾಂಬರು, ಜೊತೆಗೆ ಬೆರೆಸಿ ಹಚ್ಚಿದರೆ ಗಟ್ಟಿಯಾಗುವ ಎರಡು ರೆಸಿನ್: ಪಾಲಿಯೆಸ್ಟರ್, ಎಪಾಕ್ಸಿ.

ಪರೀಕ್ಷೆಗೆ ದೋಣಿಯದೇ ತುಂಡು ಬೇಕಿತ್ತು. ಹೇಗೂ ಕತ್ತರಿಸಿ ಬಿಸಾಡಬೇಕಿದ್ದ ಒಳಗಿನ ಪೆಟ್ಟಿಗೆಯ ಫೈಬರ್ ಸಿಕ್ಕಿತು. ಅದನ್ನು ಆರು ತುಂಡು ಮಾಡಿದೆ. ಮೂರನ್ನು 80 ನಂಬರಿನ ಪಾಲಿಶ್ ಪೇಪರಿನಲ್ಲಿ ಸುಮ್ನೆ ಮೇಲೆ ಮೇಲೆ ಉಜ್ಜಿದೆ. ಮಿಕ್ಕ ಮೂರನ್ನು ಗ್ರೈಂಡರಿಗೆ 40 ನಂಬರಿನ ಡಿಸ್ಕ್ ಹಾಕಿ, ಮೇಲಿನ ಬಣ್ಣದ ಪದರವಾದ ಜೆಲ್‌ಕೋಟ್ ಪೂರ್ತಿ ಹೋಗಿ ಗಾಜಿನ ನಾರು ಕಾಣುವವರೆಗೆ ಕೆರೆದೆ. ಎಲ್ಲವನ್ನೂ ಅಸಿಟೋನ್‌ನಿಂದ ಒರೆಸಿದೆ. ಉಜ್ಜಿದ್ದು ಒಂದು, ಕೆರೆದದ್ದು ಒಂದು, ಹೀಗೆ ಎರಡೆರಡು ತುಂಡಿಗೆ ಮೂರರಲ್ಲಿ ಒಂದೊಂದನ್ನು ಹಚ್ಚಿ ಬಟ್ಟೆಯ ತೇಪೆ ಹಾಕಿದೆ. ಪ್ರತಿ ತೇಪೆಗೂ ಬಟ್ಟೆಯ ತುದಿಯನ್ನು ಎರಡು ಇಂಚು ಹೊರಗೆ ಬಿಟ್ಟೆ, ಆಮೇಲೆ ಹಿಡಿದು ಎಳೆಯಲು ಬೇಕಲ್ಲ. ಒಂದು ವಾರ ಒಣಗಲು ಬಿಟ್ಟೆ. ನಂತರ ಮೂರು ವಾರ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಇಟ್ಟೆ.

ಡಾಂಬರಿನ ಕಥೆ ಬೇಗ ಮುಗಿಯಿತು. ಎರಡು ತುಂಡಿನಲ್ಲೂ ಬೆರಳಿನಿಂದ ಎಳೆದರೆ ಬಟ್ಟೆ ಸಮೇತ ಬಂತು. ಬಿದಿರು ಬಾಗುತ್ತದೆ, ಡಾಂಬರೂ ಮೆತ್ತಗೆ ಬಾಗುತ್ತದೆ, ಅಲ್ಲಿ ಅದಕ್ಕೆ ಹೆಣಿಕೆಯ ಸಂದಿಗಳ ಆಸರೆ ಇದೆ. ನುಣುಪಾದ ಗಟ್ಟಿ ಫೈಬರ್ ಮೇಲೆ ಆ ಆಸರೆ ಇಲ್ಲ. ಬಿಸಿಲಿಗೆ ಕರಗಿ ಬಲೆಗೂ ಅಂಟುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಒಂದಿದೆ. ಒಮ್ಮೆ ಡಾಂಬರು ಕುಡಿದ ಜಾಗಕ್ಕೆ ಮುಂದೆ ಯಾವ ರೆಸಿನ್ ಕೂಡ ಹಿಡಿಯುವುದಿಲ್ಲ, ಅಷ್ಟೂ ಆಳ ಕೆರೆದು ತೆಗೆಯಬೇಕು. ಹಳೆ ದೋಣಿ ಕೊಳ್ಳುವಾಗ ತಳಕ್ಕೆ ಡಾಂಬರು ಬಳಿದಿದ್ದರೆ ನಾನಂತೂ ಬೆಲೆ ಇಳಿಸಿ ಕೇಳುತ್ತೇನೆ.

ನಿಜವಾದ ಪೈಪೋಟಿ ಇದ್ದದ್ದು ಪಾಲಿಯೆಸ್ಟರ್‌ಗೂ ಎಪಾಕ್ಸಿಗೂ.

ಎರಡನ್ನೂ ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆಯಿಂದ ತಂದೆ. ಅಂಗಡಿಯವರು "ದೋಣಿ ಮಾಡೂದೇ ಪಾಲಿಯೆಸ್ಟರ್‌ನಾಗ, ರಿಪೇರಿಗೂ ಅದೇ ಸಾಕ್ರಿ" ಅಂದಿದ್ದರು. ಅರ್ಧ ಸರಿ. ಹೊಸ ದೋಣಿ ಮಾಡುವಾಗ ಒಂದು ಪದರ ಪೂರ್ತಿ ಬಲಿಯುವ ಮೊದಲೇ ಇನ್ನೊಂದು ಪದರ ಹಾಕುತ್ತಾರೆ. ಎರಡೂ ಒಳಗೊಳಗೇ ಬೆಸೆದು ಒಂದಾಗುತ್ತವೆ. ನಮ್ಮ ದೋಣಿ ಬಲಿತು ಎಷ್ಟೋ ವರ್ಷ ಆಗಿದೆ. ಅದರ ಮೇಲೆ ಹೊಸ ಪಾಲಿಯೆಸ್ಟರ್ ಬೆಸೆಯುವುದಿಲ್ಲ, ಒರಟು ಜಾಗವನ್ನು ಕಚ್ಚಿ ಹಿಡಿದು ನಿಲ್ಲುತ್ತದೆ ಅಷ್ಟೇ. ಜೊತೆಗೆ ಗಟ್ಟಿಯಾಗುವಾಗ ಅದು ಕುಗ್ಗುತ್ತದೆ, ಕುಗ್ಗುವಾಗ ಅಂಚನ್ನು ಎಳೆಯುತ್ತದೆ. ಎಪಾಕ್ಸಿ ಬಹಳ ಕಡಿಮೆ ಕುಗ್ಗುತ್ತದೆ. ಅದು ಹುಟ್ಟಾ ಅಂಟು.

ಇಕ್ಕಳದಿಂದ ಎಳೆದಾಗ ಈ ವ್ಯತ್ಯಾಸ ಕಣ್ಣಿಗೇ ಕಂಡಿತು. ಮೇಲೆ ಮೇಲೆ ಉಜ್ಜಿದ ತುಂಡಿನಿಂದ ಪಾಲಿಯೆಸ್ಟರ್ ತೇಪೆ ಹಪ್ಪಳ ಎದ್ದ ಹಾಗೆ ಇಡಿಯಾಗಿ ಬಂತು, ಕೆಳಗೆ ಹಳೆ ಜೆಲ್‌ಕೋಟ್ ಹಾಗೇ ಹೊಳೆಯುತ್ತಿತ್ತು. ಅದೇ ತಯಾರಿಯ ಮೇಲೆ ಎಪಾಕ್ಸಿ ಬಿಗಿಯಾಗಿ ನಿಂತಿತು. ಎರಡು ಕೈ ಹಾಕಿ ಎಳೆದಾಗ ಜೆಲ್‌ಕೋಟನ್ನೇ ಕಿತ್ತುಕೊಂಡು ಬಂತು. ಚೆನ್ನಾಗಿ ಕೆರೆದ ತುಂಡುಗಳಲ್ಲಿ ಅಂತರ ಕಡಿಮೆ. ಪಾಲಿಯೆಸ್ಟರ್ ಕೂಡ ಒಳ್ಳೆ ಹಿಡಿತ ತೋರಿಸಿತು, ಉಳಿ ಬಡಿದ ಮೇಲೆ ಮಾತ್ರ ಒಂದು ಮೂಲೆಯಿಂದ ಎದ್ದಿತು. ಎಪಾಕ್ಸಿ ಎದ್ದಾಗ ಹಳೆ ದೋಣಿಯ ನಾರೂ ಜೊತೆಗೆ ಹರಿದು ಬಂದಿತ್ತು. ಅಂದರೆ ಅಂಟಿಗಿಂತ ಮೊದಲು ದೋಣಿಯೇ ಹರಿಯಿತು.

ಇದನ್ನು ನೋಡಿದ ಮೇಲೆ ನನಗೆ ಒಂದು ಮಾತು ಗಟ್ಟಿಯಾಯಿತು. ರೆಸಿನ್ ಯಾವುದು ಅನ್ನುವುದಕ್ಕಿಂತ ಗ್ರೈಂಡರ್ ಎಷ್ಟು ಹೊತ್ತು ಓಡಿತು ಅನ್ನುವುದು ಹೆಚ್ಚು. ಬಿರುಕಿನ ಸುತ್ತ, ದೋಣಿಯ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಕೆರೆಯಬೇಕು. 5 ಮಿಲಿಮೀಟರ್ ದಪ್ಪ ಇದ್ದರೆ ಪ್ರತಿ ಬದಿಗೆ 60 ಮಿಲಿಮೀಟರ್. ಈ ಧೂಳು ಮೈಗೆ ಬಿದ್ದರೆ ರಾತ್ರಿಯಿಡೀ ತುರಿಕೆ, ಎದೆಯೊಳಗೆ ಹೋದರೆ ಇನ್ನೂ ಕೆಟ್ಟದ್ದು. ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಬೇಕೇ ಬೇಕು. ಮಕ್ಕಳನ್ನು ಹಿತ್ತಲಿಗೆ ಬಿಡಬೇಡಿ.

ಕೆಲಸದ ಸಲೀಸು ನೋಡಿದರೆ ಪಾಲಿಯೆಸ್ಟರ್ ಮುಂದೆ. ಮ್ಯಾಟ್ ಅಂದರೆ ಗಾಜಿನ ನಾರಿನ ಹಾಸು, ಅದರ ಮೇಲೆ ಸುರಿದು ಬ್ರಷ್‌ನಿಂದ ಕುಟ್ಟಿದರೆ ನಾರು ಬೇಗ ನೆನೆದು ಮೂಲೆಗಳಲ್ಲಿ ಬಟ್ಟೆಯ ಹಾಗೆ ಕೂರುತ್ತದೆ. ಗಟ್ಟಿಯಾಗಲು ಬೆರೆಸುವ ಕ್ಯಾಟಲಿಸ್ಟ್ ನೂರಕ್ಕೆ ಒಂದರಿಂದ ಎರಡರಷ್ಟು, ಬಿಸಿಲು ನೋಡಿಕೊಂಡು ಹೆಚ್ಚು ಕಡಿಮೆ ಮಾಡಬಹುದು. ಏಪ್ರಿಲ್ ಮಧ್ಯಾಹ್ನ ಎರಡರಷ್ಟು ಹಾಕಿದ್ದಕ್ಕೆ ಡಬ್ಬಿಯಲ್ಲೇ ಮೊಸರಿನ ಹಾಗೆ ಹೆಪ್ಪುಗಟ್ಟಿತು. ಆಮೇಲೆ ಬೆಳಿಗ್ಗೆ ಆರಕ್ಕೆ ಎದ್ದು, ಒಂದರಷ್ಟು ಹಾಕಿ ಮಾಡಿದೆ. ಒಂದಕ್ಕಿಂತ ಕೆಳಗೆ ಇಳಿಸಬೇಡಿ, ಒಳಗೆ ಬಲಿಯದೇ ಉಳಿಯುತ್ತದೆ. ಬಲಿಯುವುದನ್ನು ಚುರುಕು ಮಾಡುವ ಕೋಬಾಲ್ಟ್ ದ್ರವವನ್ನು ಬೇರೆಯಾಗಿ ಕೊಟ್ಟಿದ್ದರೆ ಅದನ್ನು ಮೊದಲು ರೆಸಿನ್‌ಗೆ ಪೂರ್ತಿ ಕಲಸಿ, ಆಮೇಲೆ ಕ್ಯಾಟಲಿಸ್ಟ್ ಹಾಕಬೇಕು. ಕೋಬಾಲ್ಟನ್ನೂ ಕ್ಯಾಟಲಿಸ್ಟನ್ನೂ ನೇರವಾಗಿ ಬೆರೆಸಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಕ್ಯಾಟಲಿಸ್ಟ್ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೇ ಅಪಾಯ. ವಾಸನೆಯಂತೂ ಓಣಿಯ ತುಂಬ. ಪಕ್ಕದ ಮನೆಯ ಅಜ್ಜಿಗೆ ಉಬ್ಬಸ ಇದೆ, ಅವರು ಮಗಳ ಮನೆಗೆ ಹೋದ ದಿನ ನೋಡಿ ಆ ಕೆಲಸ ಇಟ್ಟುಕೊಂಡೆ.

ಎಪಾಕ್ಸಿಗೆ ಆ ವಾಸನೆ ಇಲ್ಲ, ಆದರೆ ನಿಯಮ ಬಿಗಿ. ನಾನು ತಂದದ್ದು ಅರಾಲ್ಡೈಟ್ ಎಲ್‌ವೈ 556, ಅದಕ್ಕೆ ಹಾರ್ಡ್‌ನರ್ ಎಚ್‌ವೈ 951. ತೂಕದಲ್ಲಿ 100ಕ್ಕೆ 10. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕಿದರೆ ಕೆಲಸ ಕೆಡುತ್ತದೆ. ಬಂಗಾರದ ಅಂಗಡಿಯಲ್ಲಿ ತೂಗಿದ ಹಾಗೆ ಚಿಕ್ಕ ತಕ್ಕಡಿಯಲ್ಲಿ ತೂಗಿ ಹಾಕಬೇಕು. ಕಲಸಿದ್ದನ್ನು ಲೋಟದಲ್ಲಿ ಬಿಟ್ಟರೆ ತನ್ನ ಕಾವಿಗೆ ತಾನೇ ಹೊಗೆಯಾಡುತ್ತದೆ, ಅಗಲ ತಟ್ಟೆಗೆ ಸುರಿದುಕೊಳ್ಳಿ. ಬರಿಗೈಯಲ್ಲಿ ಮುಟ್ಟಬೇಡಿ. ಕೆಲವರ ಚರ್ಮಕ್ಕೆ ಒಮ್ಮೆ ಅಲರ್ಜಿ ಶುರುವಾದರೆ ಮುಂದೆ ಎಪಾಕ್ಸಿ ಹತ್ತಿರ ಬರಲೂ ಆಗುವುದಿಲ್ಲ. ದುಡ್ಡು? ಪಾಲಿಯೆಸ್ಟರ್‌ಗಿಂತ ಕಿಲೋಗೆ ಸುಮಾರು ಮೂರು ಪಟ್ಟು ಕೊಟ್ಟೆ.

ಇಲ್ಲಿ ಎರಡು ತಪ್ಪು ಮಾಡಿದೆ, ಎರಡಕ್ಕೂ ದುಡ್ಡು ಹೋಯಿತು. ಉಳಿದ ಮ್ಯಾಟನ್ನೇ ಎಪಾಕ್ಸಿಗೂ ಹಾಕಿದೆ. ಆ ಮ್ಯಾಟಿನ ನಾರುಗಳನ್ನು ಹಿಡಿದಿಟ್ಟಿರುವ ಅಂಟು ಕರಗಲು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್ ಬೇಕು, ಎಪಾಕ್ಸಿಯಲ್ಲಿ ಅದು ಇರುವುದಿಲ್ಲ. ಮ್ಯಾಟ್ ರಟ್ಟಿನ ಹಾಗೆ ಸೆಟೆದು ನಿಂತಿತು, ಕೆಳಗೆ ಗಾಳಿ ಗುಳ್ಳೆ. ಎಪಾಕ್ಸಿಗೆ ನೇಯ್ದ ಗಾಜಿನ ಬಟ್ಟೆಯೇ ಬೇಕು. ಇನ್ನೊಂದು ತಪ್ಪು, ಎಪಾಕ್ಸಿ ತೇಪೆಯ ಮೇಲೆ ಜೆಲ್‌ಕೋಟ್ ಬಳಿದದ್ದು. ನಾಲ್ಕು ದಿನ ಆದರೂ ಬೆಲ್ಲದ ಪಾಕದ ಹಾಗೆ ಅಂಟಂಟು. ಎಪಾಕ್ಸಿಯ ಹಾರ್ಡ್‌ನರ್ ಜೆಲ್‌ಕೋಟನ್ನು ಬಲಿಯಲು ಬಿಡುವುದಿಲ್ಲ. ಪೂರ್ತಿ ಅಸಿಟೋನ್ ಹಾಕಿ ತೆಗೆದು, ಎರಡು ಡಬ್ಬಿ ಬೆರೆಸುವ ಪಾಲಿಯುರೆಥೇನ್ ಬಣ್ಣ ಹಚ್ಚಿದೆ. ಬಣ್ಣ ಇಲ್ಲದೆ ಬಿಡುವ ಹಾಗಿಲ್ಲ, ಬಿಸಿಲಿಗೆ ಎಪಾಕ್ಸಿ ಹಳದಿಯಾಗಿ ಸುಣ್ಣದ ಹಾಗೆ ಉದುರುತ್ತದೆ. ಹಾಗಾಗಿ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ನಡೆಯುತ್ತದೆ, ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ನಂಬಬಾರದು. ಯಾವ ಜಾಗಕ್ಕೆ ಯಾವುದು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ನಮ್ಮ ದೋಣಿಗೆ ಹಂಚಿದ್ದು ಹೀಗೆ. ತಳದ ಬಿರುಕು, ಮೂತಿಯ ತೂತು, ಹಿಂದಿನ ಹಲಗೆ, ಈ ಮೂರಕ್ಕೆ ಎಪಾಕ್ಸಿ. ಹಲಗೆಗೆ ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ತಂದು, ಅಂಚು ಮತ್ತು ಬೋಲ್ಟ್ ತೂತುಗಳ ಒಳಗೂ ಎಪಾಕ್ಸಿ ಕುಡಿಸಿದೆ. ಹಳೆಯದು ಕೊಳೆತಿದ್ದೇ ಬೋಲ್ಟ್ ತೂತಿನಿಂದ ನೀರು ಇಳಿದು. ಕೂರುವ ಅಡ್ಡಪಟ್ಟಿ, ಬಲೆ ಇಡುವ ಹೊಸ ಪೆಟ್ಟಿಗೆ, ಒಳಗಿನ ಪಟ್ಟಿಗಳಿಗೆ ಪಾಲಿಯೆಸ್ಟರ್. ಅಲ್ಲಿ ಒಂದು ಅಂಚು ಎದ್ದರೂ ದೋಣಿ ಮುಳುಗುವುದಿಲ್ಲ, ಮತ್ತೆ ಕೆರೆದು ಹಾಕಬಹುದು. ಎಲ್ಲವನ್ನೂ ಎಪಾಕ್ಸಿಯಲ್ಲೇ ಮಾಡಿದ್ದರೆ ಖರ್ಚು ಮಾವನ ಕೈಗೆ ನಿಲುಕುತ್ತಿರಲಿಲ್ಲ.

ಹವಾಮಾನದ ಒಂದು ಮಾತು. ನಮ್ಮ ಕಡೆಯ ಮಾರ್ಚ್ ಬಿಸಿಲು ಈ ಕೆಲಸಕ್ಕೆ ವರ. ಕೆರೆದ ದೋಣಿಯನ್ನು ಐದು ವಾರ ಒಣಗಿಸಿದೆ, ಅಡ್ಡಮಳೆ ಬಂದ ಸಂಜೆ ಮಾತ್ರ ತಾಡಪತ್ರಿ ಹೊದಿಸಿದೆ. ನೀರು ಕುಡಿದ ಫೈಬರ್ ಮೇಲೆ ಎರಡೂ ರೆಸಿನ್ ಸೋಲುತ್ತವೆ. ಕೊನೆಯ ಎಪಾಕ್ಸಿ ಪದರ ಮಾತ್ರ ತಡವಾಗಿ ಜೂನ್ ತಂಪಿಗೆ ಸಿಕ್ಕಿತು. ಮೇಲೆ ಮೇಣದಂಥ ಜಿಡ್ಡು ಬಂತು. ಅದನ್ನು ಮೊದಲು ನೀರು ಹಾಕಿ ತಿಕ್ಕಿ ತೊಳೆಯಬೇಕು, ಆಮೇಲೆ ಉಜ್ಜಬೇಕು. ಹಾಗೇ ಬಣ್ಣ ಹಚ್ಚಿದರೆ ಬಣ್ಣ ನಿಲ್ಲುವುದಿಲ್ಲ.

ದೋಣಿ ಹೊಳೆಗೆ ಇಳಿದು ಒಂದು ಮಳೆಗಾಲ ಕಳೆದಿದೆ. ನೀರು ಇಳಿದ ಮೇಲೆ ದಂಡೆಗೆ ಎಳೆದು ಮಗುಚಿ, ಅದೇ ನಾಣ್ಯ ಹಿಡಿದು ಮತ್ತೆ ತಟ್ಟಿದೆವು. ತಳವೆಲ್ಲ ಟಣ್. ಪೆಟ್ಟಿಗೆಯ ಒಂದು ಪಾಲಿಯೆಸ್ಟರ್ ಮೂಲೆ ಮಾತ್ರ ಬದ್ ಅಂದಿತು. ಮಾವ ತಾವೇ ಸೀಮೆಸುಣ್ಣ ತೆಗೆದುಕೊಂಡು ಅಲ್ಲಿ ಗುರುತು ಹಾಕಿದರು. "ಇದನ್ನ ಕೆರಿಯೂದು ನನಗ ಬಿಡು" ಅಂದರು.